ನಾಲ್ಕನೆಯ ಮಷೀನಿನ ಹಿಂದಿನ ನಟ್ಟು

ನಾನು ಎಲ್ಲಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹನ್ನೊಂದು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಐದನೆಯ ದಿನ, ಬೆಳಿಗ್ಗೆ ಎಂಟೂವರೆಗೆ, ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಎಡಬದಿಗಿದ್ದ ಹತ್ತಿ ಮಿಲ್ಲಿನಲ್ಲಿ, ನೆಲದ ಕೆಳಗಿನ ತಗ್ಗಿನೊಳಗೆ, ನಾಲ್ಕನೆಯ ಮಷೀನಿನ ಅಡಿಗೆ ಮಂಡಿಯೂರಿ ಕುಳಿತಿದ್ದೆ. ನಿಂತಿದ್ದೆ ಎಂದು ಬರೆಯುವಂತಿಲ್ಲ. ಆ ತಗ್ಗಿನಲ್ಲಿ ಯಾರಿಗೂ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ನನ್ನ ಬಲಗೈಯಲ್ಲಿ ನಟ್ಟು ಬಿಗಿಯುವ ಹೊಸ ಪಾನಾ ಇತ್ತು. ಎಡಗೈಯ ತೋರುಬೆರಳಿನ ತುದಿಯಲ್ಲಿ ಸುಣ್ಣ ಇತ್ತು. ಸುಣ್ಣ ನನ್ನದಲ್ಲ.

ಅದು ಮಿಲ್ಲಿನ ದೊಡ್ಡ ಫಿಟ್ಟರಾಗಿದ್ದ ಉಸ್ತಾದರ ಡಬ್ಬಿಯದು. ಅವರು ಹೋದ ತಿಂಗಳು ಸಗರದಲ್ಲಿ ತೀರಿಕೊಂಡರು. ಹೆಸರು ಬರೆಯಬೇಡಿ ಎಂದು ಅವರ ಮಗಳು ಹೇಳಿದ್ದಾಳೆ, ಅದಕ್ಕೇ ಬರೆಯುತ್ತಿಲ್ಲ. ಮಿಲ್ಲಿನಲ್ಲಿಯೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸಾವ್ಕಾರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಉಸ್ತಾದರೇ.

ಆ ಮಿಲ್ಲು ಈಗಿಲ್ಲ. ಅಲ್ಲಿ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ. ಆಗ ಹತ್ತಿಯಿಂದ ಬೀಜ ಬಿಡಿಸುವ ಆರು ಮಷೀನುಗಳು ಸಾಲಾಗಿ ನಿಂತಿದ್ದವು. ಆರನ್ನೂ ಬೆಲ್ಟುಗಳಿಂದ ತಿರುಗಿಸುವ ಒಂದೇ ಉದ್ದನೆಯ ಶಾಫ್ಟು ನೆಲದ ಕೆಳಗಿನ ತಗ್ಗಿನಲ್ಲಿ ಓಡುತ್ತಿತ್ತು. ಪ್ರತಿ ಮಷೀನಿನ ಅಡಿಗೆ ಆ ಶಾಫ್ಟನ್ನು ಹಿಡಿದಿಡುವ ಒಂದು ಬೇರಿಂಗ್ ಬ್ಲಾಕು, ಬ್ಲಾಕಿಗೆ ಮುಂದೊಂದು ಹಿಂದೊಂದು ಬೋಲ್ಟು. ಮುಂದಿನ ನಟ್ಟನ್ನು ಯಾರು ಬೇಕಾದರೂ ಬಿಗಿಯಬಹುದಿತ್ತು. ಹಿಂದಿನ ನಟ್ಟಿನ ಬೆನ್ನಿಗೆ ಕಲ್ಲಿನ ಗೋಡೆ, ತಲೆಯ ಮೇಲೆ ಕಬ್ಬಿಣದ ತೊಲೆ. ನಾಲ್ಕನೆಯ ಮಷೀನಿನಲ್ಲಂತೂ ನಟ್ಟಿಗೂ ತೊಲೆಗೂ ನಡುವೆ ಇದ್ದದ್ದು ಮೂರು ಬೆರಳು. ಬಜಾರದಲ್ಲಿ ಸಿಗುವ ಯಾವ ಪಾನಾವೂ ಅಲ್ಲಿ ಕೂತು ತಿರುಗುತ್ತಿರಲಿಲ್ಲ.

ಉಸ್ತಾದರ ಪಾನಾಗಳು ಬಜಾರದವಲ್ಲ. ಬಜಾರದಿಂದ ಬಂದವೇ, ಆದರೆ ಅವರ ಕೈಗೆ ಬಂದ ಮೇಲೆ ಹಾಗೆ ಉಳಿಯುತ್ತಿರಲಿಲ್ಲ. ರಿಂಗ್ ಪಾನಾವನ್ನು ಅರ್ಧಕ್ಕೆ ಕೊಯ್ದು, ತಿಂಥಣಿಯ ಒಬ್ಬ ಕಮ್ಮಾರನ ಹತ್ತಿರ ಒಯ್ದು, ಕೆಂಪಗೆ ಕಾಸಿಸಿ, ತಾವು ಎದುರು ಕೂತು ಇಷ್ಟು, ಇನ್ನಷ್ಟು ಎಂದು ಬಾಗಿಸಿಕೊಂಡು ಬರುತ್ತಿದ್ದರು. ಎಷ್ಟು ಬಾಗಬೇಕೆಂಬುದನ್ನು ತೋರಿಸಲು ಜೋಳದ ದಂಟೊಂದನ್ನು ಮೊದಲೇ ಮುರಿದು ಇಟ್ಟುಕೊಂಡಿರುತ್ತಿದ್ದರು. ಒಂದೊಂದು ಪಾನಾ ಒಂದೊಂದೇ ನಟ್ಟಿಗೆ. ಇನ್ನೊಂದು ನಟ್ಟಿಗೆ ಅದು ಕೆಲಸಕ್ಕೆ ಬಾರದು.

ಹೊಸ ಪಾನಾ ಕೊಯ್ದ ದಿನ ಸಾವ್ಕಾರರು ಕೂಗಾಡಿದ್ದು ನನಗೆ ನೆನಪಿದೆ.

“ನಿನ್ನೆ ತಂದದ್ದು ಇವತ್ತ ಕೊಯ್ದೀಯಲ್ಲೋ ಮಾರಾಯ! ನಿನಗ ಕೈ ಹೆಂಗ ಬಂತು?”

“ಪಾನಾ ಕೊಯ್ಯದು ಬ್ಯಾಡಂದ್ರ ಗ್ವಾಡಿ ಕೊಯ್ತೀನ್ರಿ ಸಾವ್ಕಾರ್ರ. ಯಾವುದು ಕೊಯ್ಲಿ ಹೇಳ್ರಿ,” ಎಂದರು ಉಸ್ತಾದರು. ಸಾವ್ಕಾರರು ಬಾಯಲ್ಲಿ ಬೈಯುತ್ತಲೇ ನಗುತ್ತ ಹೋದರು.

ಆ ಪಾನಾಗಳಿಗೆ ಹೆಸರುಗಳಿದ್ದವು. ಕುಡಗೋಲಿನಂತೆ ಬಾಗಿದ್ದು ಕುಡಗೋಲ. ಎರಡು ಕಡೆ ಮಡಚಿದ್ದು ಗೂನಿ. ನಾಲ್ಕನೆಯ ಮಷೀನಿನ ಹಿಂದಿನ ನಟ್ಟಿನದು ಎಲ್ಲಕ್ಕಿಂತ ಗಿಡ್ಡ, ಎಲ್ಲಕ್ಕಿಂತ ತೆಳ್ಳಗೆ. ಅದರ ಹೆಸರು ಸಣ್ಣ ಸೊಸಿ. ಯಾಕೆ ಎಂದು ಕೇಳಿದವರಿಗೆಲ್ಲ ಅದೇ ಉತ್ತರ: “ಮೂಲ್ಯಾಗ ನಿಂತು ಮನಿ ನಡಸ್ತಾಳ, ಯಾರ ಕಣ್ಣಿಗೂ ಬೀಳಂಗಿಲ್ಲ.” ಎಲ್ಲವೂ ಹಳೆಯ ಕೌದಿಯ ಒಂದು ತುಂಡಿನಲ್ಲಿ ಇರುತ್ತಿದ್ದವು. ಒಂದೊಂದಕ್ಕೂ ಒಂದೊಂದು ಕಿಸೆ ಹೊಲಿದು ಕೊಟ್ಟವರು ಅವರ ಹೆಂಡತಿ. ಆ ಕೌದಿ ಸುರುಳಿ ತಗ್ಗಿನ ಬಾಯಿಯ ಬಳಿ ಒಂದು ಗೂಟಕ್ಕೆ ತೂಗುತ್ತಿತ್ತು. ಅದರ ಪಕ್ಕದ ಗೂಡಿನಲ್ಲಿ ಅವರ ಎಲೆ ಅಡಿಕೆಯ ಚೀಲ, ಸುಣ್ಣದ ಡಬ್ಬಿ.

ಆಯುಧಪೂಜೆಗೆ ಮಿಲ್ಲಿನ ಸಾಮಾನುಗಳನ್ನೆಲ್ಲ ತೊಳೆದು ಸಾಲಾಗಿ ಇಡುವಾಗ, ಉಸ್ತಾದರ ಪಾನಾಗಳನ್ನು ಸಾವ್ಕಾರರ ತಾಯಿ ದೂರ ಇಡಿಸಿದರು. ಮುರಿದದ್ದನ್ನು ಪೂಜೆಗೆ ಇಡುವುದಿಲ್ಲ ಎಂದರು.

“ಮುರದಿಲ್ಲ ಅವ್ವಾರ, ಬಾಗ್ಯಾವ,” ಎಂದರು ಉಸ್ತಾದರು. ಹೇಳಿ ಕೌದಿ ಸುತ್ತಿಕೊಂಡು ಬಾಗಿಲ ಹೊರಗೆ ಹೋಗಿ ಕೂತರು. ಪೂಜೆ ಮುಗಿಯುವ ತನಕ ಒಳಗೆ ಬರಲಿಲ್ಲ. ಪೂಜೆ ನಡೆಯುತ್ತಿದ್ದ ಆ ಒಳಕೋಣೆಗೆ ಅವರನ್ನು ಬೇರೆ ದಿನವೂ ಯಾರೂ ಕರೆಯುತ್ತಿರಲಿಲ್ಲ ಎಂಬುದನ್ನು ನಾನು ಆಮೇಲೆ ಗಮನಿಸಿದೆ. ಅವರು ಹುಣ್ಣಿಮೆಗೆ ಬಿಳಿ ಅಂಗಿ ತೊಟ್ಟು ತಮ್ಮ ಓಣಿಯ ಬುದ್ಧ ವಿಹಾರಕ್ಕೆ ಹೋಗುತ್ತಿದ್ದವರು. ಈ ವಿಷಯವನ್ನು ಮಿಲ್ಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು. ಗೋಣಿಚೀಲ ಹಾಸಿ ಅಂಗಾತ ಮಲಗಿ, ಕೈಯನ್ನು ಬ್ಲಾಕಿನ ಹಿಂದೆ ತೂರಿಸಿದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಟಾರ್ಚು ಹಿಡಿಯಲು ಹೋದರೆ ಬೇಡ ಎನ್ನುತ್ತಿದ್ದರು. “ಕಾಣದ ಜಾಗದಾಗ ಕಣ್ಣ ತೆರದ್ರ ಬೆರಳು ಹೆದರ್ತಾವ.” ಎತ್ತಿಡುವಾಗ ನಟ್ಟು ಬೀಳದಿರಲೆಂದು ಬುತ್ತಿಯ ರೊಟ್ಟಿಯಿಂದ ಒಂದು ಚೂರು ಮುರಿದು, ನೀರಲ್ಲಿ ಹಿಸುಕಿ, ರಿಂಗಿನ ಒಳಗೆ ಮೆತ್ತುತ್ತಿದ್ದರು. ನಟ್ಟು ಅಲ್ಲೇ ಅಂಟಿಕೊಂಡು ಬೋಲ್ಟಿನ ಮೇಲೆ ಹೋಗಿ ಕೂರುತ್ತಿತ್ತು. ಆಮೇಲೆ ತಿರುಗಿಸುವುದು. ಆ ಸಂದಿಯಲ್ಲಿ ಪಾನಾ ಓಡಾಡುವ ಜಾಗ ಎಷ್ಟು ಕಡಿಮೆಯೆಂದರೆ, ಒಂದು ಸಲಕ್ಕೆ ನಟ್ಟು ಗಡಿಯಾರದ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋದಷ್ಟೇ ತಿರುಗುತ್ತಿತ್ತು. ಪಾನಾ ಎತ್ತಬೇಕು, ಹಿಂದೆ ತರಬೇಕು, ಮತ್ತೆ ಕೂರಿಸಬೇಕು. ಹನ್ನೆರಡು ಸಲ ಮಾಡಿದರೆ ಒಂದು ಸುತ್ತು. ಅವರು ಅವಸರ ಮಾಡಿದ್ದನ್ನು ನಾನು ಕಂಡಿಲ್ಲ.

ಕೊನೆಗೆ ಗೆರೆ. ಬಿಗಿದಾದ ಮೇಲೆ ಹತ್ತಿಯಿಂದ ಎಣ್ಣೆ ಒರೆಸಿ, ಸುಣ್ಣದ ಡಬ್ಬಿಯಿಂದ ಕಿರುಬೆರಳಿನ ಉಗುರಿಗೆ ತುಸು ಸುಣ್ಣ ತೆಗೆದುಕೊಂಡು, ನಟ್ಟಿನ ಮೇಲಿಂದ ಬ್ಲಾಕಿನ ಮೇಲಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆ ಎಳೆಯುತ್ತಿದ್ದರು. ನಟ್ಟು ಕೂದಲಷ್ಟು ಅಲುಗಿದರೂ ಗೆರೆ ಎರಡಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಮಷೀನು ಚಾಲೂ ಮಾಡುವ ಮುನ್ನ ಹನ್ನೆರಡು ಗೆರೆಗಳನ್ನೂ ನೋಡಿ, ನಟ್ಟನ್ನು ಬೆರಳಿಂದ ಮುಟ್ಟಿ ಬರುತ್ತಿದ್ದರು. ಆ ಗೆರೆಗೆ ಮಿಲ್ಲಿನಲ್ಲಿ ಸಹಿಯಷ್ಟು ಬೆಲೆ ಇತ್ತು. ಬಿಗಿದವನೇ ಎಳೆಯಬೇಕು, ಬೇರೆಯವನು ಎಳೆಯಬಾರದು. ಇದೊಂದೇ ಅವರು ನನಗೆ ಬಾಯಿಬಿಟ್ಟು ಹೇಳಿಕೊಟ್ಟ ನಿಯಮ. ಉಳಿದದ್ದನ್ನು ನೋಡಿ ಕಲಿಯಬೇಕಿತ್ತು.

ನಾನು ಆಗ ಮೂವತ್ತರ ಹತ್ತಿರದವನು, ಐಟಿಐ ಪಾಸಾದ ಎರಡನೆಯ ಫಿಟ್ಟರು. ಅವರು ನನ್ನನ್ನು “ಐಟಿಐ ಸಾಹೇಬ್ರ” ಎಂದೇ ಕರೆಯುತ್ತಿದ್ದರು. ನನ್ನ ಒತ್ತಾಯಕ್ಕೆ ಸಾವ್ಕಾರರು ಹೈದರಾಬಾದಿನಿಂದ ಹೊಸ ಪಾನಾಗಳ ಒಂದು ಪೆಟ್ಟಿಗೆ ತರಿಸಿಕೊಟ್ಟರು. ನಟ್ಟಿನ ಮೇಲೆ ಕೂರುವ ಗೋಟಿಗಳು, ಅವನ್ನು ತಿರುಗಿಸುವ ಹಿಡಿ. ಹಿಡಿಯನ್ನು ಎತ್ತದೆಯೇ ಹಿಂದೆ ಮುಂದೆ ಆಡಿಸಿದರೆ ಸಾಕು, ಕಿರ್ ಕಿರ್ ಎಂದು ನಟ್ಟು ಬಿಗಿಯಾಗುತ್ತಿತ್ತು. ಪೆಟ್ಟಿಗೆಯ ಒಳಗೆ ಮದುಮಗಳ ಸೀರೆಯಂಥ ಕೆಂಪು ಬಟ್ಟೆ. ಉಸ್ತಾದರು ಅದನ್ನು ತೆರೆದು ನೋಡಿ, “ಮದಲಗಿತ್ತಿ ಪೆಟಗಿ ಬಂತು ನೋಡವ್ವ ಭೀಮವ್ವ, ಮುಯ್ಯಿ ಏನ್ ಮಾಡ್ತಿ?” ಎಂದರು. ಭೀಮವ್ವ ತಗ್ಗಿನಲ್ಲಿ ಬಿದ್ದ ಹತ್ತಿ ಬಳಿದು ತೆಗೆಯುವ ಕೆಲಸದವರು.

“ಮದಲಗಿತ್ತಿ ಕಿರಕಿರಿ ಬಾಳ ಮಾಡ್ತಾಳಲ್ಲೋ ಯಣ್ಣಾ,” ಎಂದರು ಭೀಮವ್ವ. ಎಲ್ಲರೂ ನಕ್ಕರು.

ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಹೇಳಿದೆ: “ನಗ್ರಿ ನಗ್ರಿ. ನಾಲ್ಕನೇದರ ಹಿಂದಿನ ನಟ್ಟೂ ನಾ ಇದರಾಗನ ಬಿಗೀತೀನಿ. ನಿಮ್ಮ ಸಣ್ಣ ಸೊಸಿ ಕಿಸೇದಾಗ ಮಲಗಲಿ.”

ಅದು ಸಂಕ್ರಾಂತಿ ಕಳೆದ ನಾಲ್ಕನೆಯ ದಿನ. ಮರುದಿನ ಬೆಳಿಗ್ಗೆ ನಾಲ್ಕನೆಯ ಮಷೀನಿನ ಬೇರಿಂಗು ಬದಲಿಸುವುದಿತ್ತು. ಉಸ್ತಾದರು, “ಹಂಗಾದ್ರ ನಾಳಿ ಅದು ನಿಂದು,” ಎಂದರು. ಅಣಕಿಸುವ ದನಿಯಲ್ಲಿ ಅನ್ನಲಿಲ್ಲ. ಕೆಲಸ ಹಂಚುವ ದನಿಯಲ್ಲಿ ಅಂದರು.

ಈಗ ಮೊದಲು ಹೇಳಿದ ಜಾಗಕ್ಕೆ ಬರುತ್ತೇನೆ. ಎಂಟೂವರೆ. ಎಂಟಕ್ಕೇ ಮುಂದಿನ ನಟ್ಟು ಬಿಗಿದಾಗಿತ್ತು. ಹಿಂದಿನದಕ್ಕೆ ಗೋಟಿ ಹಾಕಿದರೆ ಹಿಡಿಗೆ ಜಾಗ ಇಲ್ಲ, ಹಿಡಿ ತೂರಿಸಿದರೆ ಗೋಟಿ ನಟ್ಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಅರ್ಧ ತಾಸು ಒದ್ದಾಡಿದೆ. ಬೆರಳಿಂದ ತಿರುಗುವಷ್ಟು ತಿರುಗಿಸಿದೆ. ಆಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ನಾಲ್ಕು ಏಟು ಹಾಕಿದೆ. ನಟ್ಟು ಸ್ವಲ್ಪ ತಿರುಗಿತು. ಎಷ್ಟು ಬಿಗಿಯಾಯಿತೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ಮಾತ್ರ ನನಗೆ ಸ್ಪಷ್ಟವಾಗಿ ತಿಳಿದಿತ್ತು. ಸಣ್ಣ ಸೊಸಿ ನನ್ನಿಂದ ಮೂರು ಹೆಜ್ಜೆ ದೂರದಲ್ಲಿ ಗೂಟಕ್ಕೆ ತೂಗುತ್ತಿತ್ತು. ಹೊರಗೆ ಹತ್ತಿ ಹೇರಿದ ಟ್ರ್ಯಾಕ್ಟರುಗಳು ರಸ್ತೆಯ ತನಕ ನಿಂತಿದ್ದವು. ನಾನು ಎದ್ದು ಗೂಟದ ಬಳಿ ಹೋದೆ. ಕೌದಿಗೆ ಕೈ ಹಾಕಲಿಲ್ಲ. ಅದರ ಪಕ್ಕದ ಗೂಡಿನಿಂದ ಸುಣ್ಣದ ಡಬ್ಬಿ ತೆಗೆದೆ, ಬೆರಳಿಗೆ ಸುಣ್ಣ ತೆಗೆದುಕೊಂಡೆ, ವಾಪಸು ಬಂದು ಗೆರೆ ಎಳೆದೆ.

ತಗ್ಗಿನ ಬಾಯಲ್ಲಿ ಭೀಮವ್ವ ಬುಟ್ಟಿ ಹಿಡಿದು ಕೂತಿದ್ದರು. ಹತ್ತಿ ಬಳಿಯುವುದನ್ನು ನಿಲ್ಲಿಸಿ ನನ್ನ ಬೆರಳನ್ನು ನೋಡಿದರು. ಮತ್ತೆ ಬಳಿಯತೊಡಗಿದರು.

ಒಂಬತ್ತಕ್ಕೆ ಉಸ್ತಾದರು ಬಂದರು. ಬಗ್ಗಿ ನೋಡಿದರು. ಗೆರೆ ಕಾಣಿಸಿತು.

“ಸೊಸಿ ಇಲ್ಲದನ ಆತೇನು?”

“ಆತ್ರಿ,” ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು. “ಭಲೆ! ಹಂಗಾದ್ರ ಇನ್ನ ನಮ್ಮ ಸೊಸಿ ತವರಿಗಿ ಹೋಗ್ಲಿ ಬಿಡು,” ಎಂದು ನನ್ನ ಭುಜ ತಟ್ಟಿದರು. ದಿನಾ ಎಲ್ಲ ನಟ್ಟುಗಳನ್ನೂ ಬೆರಳಿಂದ ಮುಟ್ಟುತ್ತಿದ್ದವರು ಆ ದಿನ ಆ ಒಂದನ್ನು ಮುಟ್ಟಲಿಲ್ಲ. ಮುಟ್ಟಿದರೆ ನನ್ನನ್ನು ನಂಬದ ಹಾಗಾಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ನಾನು ಇದನ್ನು ಹನ್ನೊಂದು ವರ್ಷ ಬೇರೆ ಬೇರೆ ರೀತಿಯಲ್ಲಿ ಯೋಚಿಸಿ ನೋಡಿದ್ದೇನೆ. ಬೇರೆ ಕಾರಣ ಸಿಕ್ಕಿಲ್ಲ.

ಮಷೀನು ಚಾಲೂ ಆಯಿತು. ಸುಮಾರು ನಲವತ್ತು ನಿಮಿಷ ಓಡಿತು. ನಾನು ಮೇನ್ ಸ್ವಿಚ್ಚಿನಿಂದ ಆರು ಹೆಜ್ಜೆ ದೂರದಲ್ಲಿದ್ದೆ. ಉಸ್ತಾದರು ನಾಲ್ಕನೆಯ ಮಷೀನಿನ ಪಕ್ಕ ಇದ್ದರು. ಭೀಮವ್ವ ಅವರ ಕಾಲಬುಡದಲ್ಲಿ ತಗ್ಗಿನ ಬಾಯೊಳಗೆ ಸೊಂಟದ ತನಕ ಇಳಿದಿದ್ದರು. ಸದ್ದು ಬದಲಾದದ್ದು ಮೊದಲು ಕೇಳಿಸಿದ್ದು ಉಸ್ತಾದರಿಗೆ. “ಬಂದ್ ಮಾಡ್ರೋ!” ಎಂದು ಕೂಗಿದರು. ನಾನು ಓಡಿದೆ, ಒತ್ತಿದೆ. ಶಾಫ್ಟು ನಿಲ್ಲಲು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಬ್ಲಾಕು ಜರುಗಿ ಬೆಲ್ಟು ಹಾರಿತು. ಉಸ್ತಾದರು ಬಲಗೈಯಿಂದ ಮಷೀನಿನ ಚೌಕಟ್ಟು ಹಿಡಿದು, ಎಡಗೈಯಿಂದ ಭೀಮವ್ವನ ತೋಳು ಹಿಡಿದು ಮೇಲಕ್ಕೆ ಎಳೆದರು. ಭೀಮವ್ವ ಮೇಲೆ ಬಂದರು. ಬೆಲ್ಟು ಬಲಗೈಗೆ ಬಂತು.

ಹೆಬ್ಬೆರಳು ಒಂದು ಉಳಿಯಿತು.

ಮೂರನೆಯ ದಿನ ಸಾವ್ಕಾರರು ಆಸ್ಪತ್ರೆಗೆ ಬಂದರು. ನಾನೂ ಜೊತೆಗಿದ್ದೆ. ಮಂಚದ ಕಾಲಿನ ಕಡೆ ನಿಂತಿದ್ದೆ. ಸಾವ್ಕಾರರು ಕೆಟ್ಟವರಲ್ಲ. ಆದರೆ ಯಾರ ತಪ್ಪು ಎಂದು ಗೊತ್ತಾಗಬೇಕಿತ್ತು ಅವರಿಗೆ. ಆ ನಟ್ಟು ನನ್ನ ಪಾಲಿಗೆ ಬಂದದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಗೆರೆ ಎಂದರೆ ಉಸ್ತಾದರದು ಎಂದಷ್ಟೇ ಗೊತ್ತಿತ್ತು. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದರು. ಬೋಲ್ಟಿನಿಂದ ಕಳಚಿ ಕೆಳಗೆ ಬಿದ್ದ ನಟ್ಟು, ಅದರ ಮೇಲೆ ಬಿಳಿಯ ಗೆರೆಯ ಅರ್ಧ.

“ಸುಣ್ಣದ ಗೆರಿ ನಿಂದ ಅಲ್ಲೇನು?”

ಉಸ್ತಾದರು ಫೋಟೋವನ್ನು ಬಹಳ ಹೊತ್ತು ನೋಡಿದರು. ನನ್ನ ಕಡೆ ನೋಡಲಿಲ್ಲ. “ನಂದ ರಿ,” ಎಂದರು.

ಆಗ ನಾನು ಬಾಯಿ ತೆರೆಯಬೇಕಿತ್ತು. ಕೋಣೆಯಲ್ಲಿ ಮೂವರೇ ಇದ್ದೆವು. ಫ್ಯಾನು ತಿರುಗುತ್ತಿತ್ತು. ನಾನು ಮಂಚದ ಕಬ್ಬಿಣವನ್ನು ಹಿಡಿದುಕೊಂಡಿದ್ದೆ. ನನ್ನ ಹೆಂಡತಿ ಆಗ ಏಳು ತಿಂಗಳ ಬಸುರಿ. ಇದು ಉಸ್ತಾದರಿಗೆ ಗೊತ್ತಿತ್ತು. ಅದಕ್ಕೇ ಹಾಗೆ ಹೇಳಿದರೋ, ಮುಟ್ಟದೆ ಬಿಟ್ಟದ್ದು ತಮ್ಮದೇ ತಪ್ಪು ಎಂದುಕೊಂಡರೋ, ನಾನು ಕೇಳಲಿಲ್ಲ. ಕೇಳಿದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಅವರು ಕೆಲಸ ಬಿಟ್ಟು ಸಗರಕ್ಕೆ ಹೋದರು. ನಾನು ಮಿಲ್ಲಿನ ದೊಡ್ಡ ಫಿಟ್ಟರ್ ಆದೆ. ನಾಲ್ಕು ವರ್ಷಕ್ಕೆ ಮಿಲ್ಲು ಮುಚ್ಚಿತು. ಈಗ ಸುರಪುರದಲ್ಲಿ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಪಾನಾ ಹಿಡಿಯುವುದನ್ನು ಕಲಿಸುತ್ತೇನೆ.

ಒಂದೇ ಒಂದು ಸಲ ಅವರ ಮನೆಗೆ ಹೋದೆ, ಹೇಳಿಬಿಡಬೇಕೆಂದೇ ಹೋದೆ. ಮಿಲ್ಲು ಮುಚ್ಚಿದ ವರ್ಷ. ಅವರು ಅಂಗಳದಲ್ಲಿ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಪಂಪೊಂದನ್ನು ಮೊಳಕಾಲುಗಳ ನಡುವೆ ಹಿಡಿದು ಎಡಗೈಯಲ್ಲಿ ಬಿಚ್ಚುತ್ತಿದ್ದರು. ಊರಿನ ರೈತರ ಪಂಪುಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಬಲಗೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದರು.

“ಬರ್ರಿ ಬರ್ರಿ ಐಟಿಐ ಸಾಹೇಬ್ರ. ಮಗಳು ಹೆಂಗದಾಳ? ಸಾಲಿಗಿ ಹಾಕ್ದೆ?”

ಹಾಕಿದೆ ಎಂದೆ. ಚಹಾ ಬಂತು. ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಪಂಪನ್ನು ನನ್ನ ಕಡೆ ತಳ್ಳಿದರು. ಅದರ ಒಳಗಿನ ಒಂದು ನಟ್ಟು ಅವರ ಎಡಗೈಗೆ ಸಿಗುತ್ತಿರಲಿಲ್ಲ.

“ಇದಿಷ್ಟು ಬಿಗದು ಕೊಡು.”

ಬಿಗಿದೆ. ಅವರು ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ಅದೇ ಡಬ್ಬಿ. “ಗೆರಿ ಎಳಿ.”

ಎಳೆದೆ. ಅವರು ಪಂಪನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು.

“ನಿನ್ನ ಗೆರಿ ಇನ್ನೂ ದಪ್ಪ ಬರ್ತಾವ,” ಎಂದರು.

ಇನ್ನೂ ಎಂದರು. ನಾನು ಅದಕ್ಕೆ ಮೊದಲು ಅವರೆದುರು ಗೆರೆ ಎಳೆದವನಲ್ಲ. ಅವರು ಕಂಡಿದ್ದ ನನ್ನ ಗೆರೆ ಆ ದಿನದ್ದು ಮಾತ್ರ. ಅದನ್ನು ಅವರು ಮರೆತಿಲ್ಲ, ಅದು ಬಿಗಿಯದೆ ಎಳೆದ ಗೆರೆ ಎಂದು ಅಂದಿನಿಂದಲೂ ಅವರಿಗೆ ಗೊತ್ತಿದೆ ಎಂದು ನನಗೆ ತಿಳಿಯಿತು, ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಅವರು ಕಾಯುತ್ತ ಕೂತರು. ಮಾತು ನನ್ನದಾಗಿತ್ತು. ನಾನು ಚಹಾದ ಕಪ್ಪನ್ನು ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಸುಮ್ಮನಿದ್ದದ್ದರಿಂದ ಏನಾಯಿತೆಂಬುದು ಎರಡು ವರ್ಷದ ಹಿಂದೆ ನನ್ನ ಕಿವಿಗೆ ಬಿತ್ತು. ಶಹಾಪುರದ ಒಂದು ಗ್ಯಾರೇಜಿನಲ್ಲಿ ಮೋಟರ್‌ಸೈಕಲ್ಲು ಬಿಟ್ಟು ಕೂತಿದ್ದೆ. ಒಬ್ಬ ಮೆಕ್ಯಾನಿಕ್ಕು ಇನ್ನೊಬ್ಬನಿಗೆ ಕೇಳಿದ: “ಖರೇನ ಬಿಗದೀಯೇನಲೇ, ಇಲ್ಲ ಉಸ್ತಾದನ ಗೆರಿ ಎಳದು ಕೂತೀದಿ?”

ಏನದು ಎಂದು ಕೇಳಿದೆ.

“ಹಿಂದಕ ಯಾವ್ದೋ ಹತ್ತಿ ಮಿಲ್ನ್ಯಾಗ ಒಬ್ಬ ಉಸ್ತಾದ ಇದ್ನಂತ್ರಿ. ನಟ್ ಬಿಗೀಲಾರದ ಬರೇ ಸುಣ್ಣ ಹಚ್ಚಿ ಬರ್ತಿದ್ನಂತ. ಕಡೀಗಿ ತನ್ನ ಕೈನ ಕಳಕೊಂಡ.”

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಅದನ್ನೂ ಇಲ್ಲಿ ಬರೆಯಬೇಕು.

ಹೋದ ತಿಂಗಳು ಸುದ್ದಿ ತಿಳಿದು ಸಗರಕ್ಕೆ ಹೋದಾಗ ಎಲ್ಲ ಮುಗಿದಿತ್ತು. ಬಿಳಿ ಬಟ್ಟೆ ತೊಟ್ಟವರು ಅಂಗಳದಲ್ಲಿ ಕೂತಿದ್ದರು. ಅವರ ಮಗಳು ನನಗೆ ನೀರು ಕೊಟ್ಟಳು. “ಅಪ್ಪನ ಮುಂದನ ಅಂತಿದ್ರು ರೀ ಆ ಉಸ್ತಾದನ ಗೆರಿ ಮಾತು. ಒಂದಿನಾ ತಿರುಗಿ ಮಾತಾಡ್ಲಿಲ್ಲ. ನಿಮಗರೆ ಗೊತ್ತದೇನ್ರಿ, ಅಪ್ಪ ಹಂಗಿದ್ನಾ?” ಎಂದು ಕೇಳಿದಳು.

“ಇಲ್ಲ,” ಎಂದೆ. ಅಷ್ಟೇ ಎಂದೆ. ಅದು ನಿಜವೇ, ಆದರೆ ಅರ್ಧ.

ಗೋಡೆಗೆ ಒರಗಿ ಭೀಮವ್ವ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಹೊರಡುವಾಗ ಬಾಗಿಲ ತನಕ ಎದ್ದು ಬಂದರು.

“ತಮ್ಮಾ, ಅವತ್ತ ಕೌದಿ ಗೂಟದ ಮ್ಯಾಲೇ ಇತ್ತು. ನೀ ಡಬ್ಬಿ ಅಷ್ಟ ತಗೊಂಡಿ.”

“ಹೌದ್ರಿ,” ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

“ಯಾರಿಗೂ ಯಾಕ ಹೇಳ್ಲಿಲ್ಲ ನೀವು?” ಎಂದು ಕೇಳಿದೆ.

“ನನಗ್ಯಾರು ಕೇಳ್ಯಾರೋ ಯಪ್ಪಾ? ಅವತ್ತ ಹೆಣ್ಮಕ್ಕಳನ್ನೆಲ್ಲ ಹೊರಗ ಕಳಸಿದ್ರು. ಆಮ್ಯಾಲ ನಾ ಯಣ್ಣನ ಕೇಳ್ದೆ, ಹೇಳ್ಲೇನು ಅಂತ. ಬ್ಯಾಡ ಅಂದ. ಅಂವಾ ತಾನ ಬಂದು ಹೇಳ್ತಾನ, ಹೇಳವ ಅದಾನ ಅಂದ.”

ನಾನು ವಾಪಸು ಅಂಗಳಕ್ಕೆ ಹೋದೆ. ಮಗಳ ಮುಂದೆ ನೆಲದ ಮೇಲೆ ಕೂತು, ಇಲ್ಲಿ ಬರೆದದ್ದನ್ನು ಇದೇ ಕ್ರಮದಲ್ಲಿ ಹೇಳಿದೆ. ಅವಳು ಬೈಯಲಿಲ್ಲ. ಎದ್ದು ಒಳಗೆ ಹೋದಳು, ನಾನು ಇರುವ ತನಕ ಹೊರಗೆ ಬರಲಿಲ್ಲ. ಆಮೇಲೆ ಫೋನು ಮಾಡಿ, ಗ್ಯಾರೇಜಿನವರಿಗೂ ಗೊತ್ತಾಗುವ ಹಾಗೆ ಬರೀರಿ, ಅಪ್ಪನ ಹೆಸರು ಮಾತ್ರ ಬ್ಯಾಡ ಎಂದಳು. ಬರೆದಿದ್ದೇನೆ. ಆ ಗೆರೆ ಉಸ್ತಾದರದಲ್ಲ, ನನ್ನದು.

ನಾನು ಗೆರೆ ಎಳೆದದ್ದನ್ನು ನೋಡಿದವರು ಇನ್ನೊಬ್ಬರು ಇದ್ದಾರೆ. ಹತ್ತಿ ಮಿಲ್ಲಿನ ತಗ್ಗು ಬಳಿಯುತ್ತಿದ್ದ ಭೀಮವ್ವ. ಈಗ ಸುರಪುರದಲ್ಲಿ ಮೊಮ್ಮಗಳ ಮನೆಯಲ್ಲಿದ್ದಾರೆ. ಕಣ್ಣು ಚೆನ್ನಾಗಿ ಕಾಣಿಸುತ್ತದೆ. ಕೇಳಿದರೆ ಹೇಳುತ್ತಾರೆ.